ಭಾವನ ದನಿಗೆ ಮೂರು ಬ್ಯಾಕಪ್

ಈ ಭೂಮಂಡಲದಲ್ಲಿ ಯಾರ ಮನೆಯ ಯಾವ ಫೈಲು ಬೇಕಾದರೂ ಕಳೆದುಹೋಗಲಿ, ನಾನು ಬದುಕಿರುವವರೆಗೆ ನನ್ನ ಮನೆಯಲ್ಲಿ ಒಂದೇ ಒಂದು ಫೈಲೂ ಕಳೆಯಕೂಡದು! ಹೀಗೆಂದು ನಾನು ಊಟದ ಮೇಜಿನ ಮುಂದೆ ಎದ್ದು ನಿಂತು ಘೋಷಿಸಿದಾಗ ನನ್ನ ಹೆಂಡತಿ ನೀರಿನ ಲೋಟವನ್ನು ನನ್ನ ಕೈಗೆ ಎಟುಕದ ಕಡೆ ಸರಿಸಿಟ್ಟಳು. ಆವೇಶ ಬಂದಾಗ ನಾನು ಕೈ ಬೀಸುತ್ತೇನೆ, ಲೋಟ ಉರುಳುತ್ತದೆ.

"ಕೂತ್ಕೊಂಡೇ ಹೇಳಿ, ಕೇಳಿಸುತ್ತೆ," ಎಂದಳು.

ಕೂತುಕೊಂಡು ಹೇಳುವ ಮಾತೇ ಅದು? ನಾನೇನು ಸಾಮಾನ್ಯನೆ? ದೊಡ್ಡ ಕಚೇರಿಯೊಂದರ ದಾಖಲೆ ವಿಭಾಗದ ಮೇಲ್ವಿಚಾರಕ! ನೆಲದಿಂದ ಸೂರಿನವರೆಗೆ ನಿಂತಿರುವ ಕಬ್ಬಿಣದ ಕಪಾಟುಗಳ ಸಾಮ್ರಾಜ್ಯಕ್ಕೆ ಏಕೈಕ ಒಡೆಯ! ಹೊರಗಿನವರು ನಮ್ಮ ಕೆಲಸ ಕಾಗದ ಕಾಯುವುದು ಎಂದುಕೊಂಡಿದ್ದಾರೆ. ತಪ್ಪು. ನಮ್ಮ ನಿಜವಾದ ಕೆಲಸ ಕಾಗದ ಹರಿಯುವುದು. ಒಂದೇ ಕಾಗದದ ಇನ್ನೊಂದು ಪ್ರತಿ ಎಲ್ಲಿ ಕಂಡರೂ ಅದನ್ನು ಹರಿದು ಬುಟ್ಟಿಗೆ ಹಾಕಬೇಕು. ಸಂಜೆ ಮನೆಗೆ ಹೊರಡುವ ಮುಂಚೆ ಬುಟ್ಟಿಯೂ ಖಾಲಿಯಾಗಬೇಕು. ಇಲ್ಲದಿದ್ದರೆ ಕಪಾಟು ತುಂಬಿ, ಕೋಣೆ ತುಂಬಿ, ನಾವು ಮೆಟ್ಟಿಲ ಮೇಲೆ ಕುರ್ಚಿ ಹಾಕಿಕೊಳ್ಳಬೇಕಾಗುತ್ತದೆ. ಈ ಕೆಲಸ ಮಾಡಿ ಮಾಡಿ ನನ್ನ ಕೈ ಎಷ್ಟು ಪಳಗಿದೆಯೆಂದರೆ, ಪಾರ್ಕಿನಲ್ಲಿ ಅವಳಿ ಮಕ್ಕಳನ್ನು ಕಂಡರೂ ಒಂದು ಕ್ಷಣ ಚಡಪಡಿಸುತ್ತದೆ.

ಆದರೆ ಆ ದಿನದ ಘೋಷಣೆಯ ಹಿಂದಿದ್ದ ಕಾರಣ ನಗುವಂಥದ್ದಲ್ಲ. ನನ್ನ ಹೆಂಡತಿಯ ಅಣ್ಣ, ಅಂದರೆ ನನ್ನ ಭಾವ, ತರಕಾರಿ ಸಗಟು ಮಾರುಕಟ್ಟೆಯಲ್ಲಿ ಹರಾಜು ಕೂಗುವವರು. ಬೆಳಕು ಹರಿಯುವ ಹೊತ್ತಿಗೆ ಮೂಟೆಗಳ ರಾಶಿಯ ಮೇಲೆ ಹತ್ತಿ ನಿಂತು "ಒಂದು ಸಾರೀ, ಎರಡು ಸಾರೀ" ಎಂದು ಶುರುಮಾಡಿದರೆ ಗೇಟಿನ ಹೊರಗೆ ನಿಂತ ಲಾರಿಯವರೂ ನಿದ್ದೆಯಿಂದ ಏಳುತ್ತಿದ್ದರು. ಅಂಥ ಗಂಟಲಲ್ಲಿ ಗಡ್ಡೆ ಕಾಣಿಸಿಕೊಂಡಿತು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದರು ಡಾಕ್ಟರು. ಜೀವ ಉಳಿಯುತ್ತದೆ, ದನಿ ಉಳಿಯುವುದಿಲ್ಲ ಎಂದು ಅವರು ಹೇಳಿದಾಗ ಭಾವ ಮೊಟ್ಟಮೊದಲು ಕೇಳಿದ್ದು ಮಗಳ ವಿಷಯ.

"ನನ್ನ ಗುಬ್ಬಿ ದಿನಾ ಸಂಜೆ ಫೋನ್ ಮಾಡ್ತಾಳೆ ಡಾಕ್ಟ್ರೇ. ಆಮೇಲೆ ಏನ್ ಮಾಡ್ಲಿ?"

ಗುಬ್ಬಿ ಅವರ ಒಬ್ಬಳೇ ಮಗಳು. ಮದುವೆಯಾಗಿ ದೂರದ ಊರಿನಲ್ಲಿದ್ದಾಳೆ, ಈಗ ತುಂಬು ಗರ್ಭಿಣಿ. ತಾಯಿ ಇಲ್ಲದ ಹುಡುಗಿ. ಅಪ್ಪನ ದನಿ ಕೇಳದೆ ಅವಳಿಗೆ ಊಟ ಇಳಿಯುವುದಿಲ್ಲ.

ಆಸ್ಪತ್ರೆಯಲ್ಲಿ ಮಾತಿನ ತರಬೇತಿ ಕೊಡುವ ಮೇಡಂ ಒಂದು ದಾರಿ ತೋರಿಸಿದರು. ದಿನಬಳಕೆಯ ಮಾತುಗಳನ್ನೆಲ್ಲ ಆಪರೇಷನ್ನಿಗೆ ಮುಂಚೆಯೇ ಭಾವನ ದನಿಯಲ್ಲಿ ರೆಕಾರ್ಡ್ ಮಾಡಿಡುವುದು. ಆಮೇಲೆ ಅವನ್ನು ಒಂದು ಟ್ಯಾಬ್ಲೆಟ್ಟಿಗೆ ಹಾಕಿ, ಒಂದೊಂದು ಮಾತಿಗೆ ಒಂದೊಂದು ಚಿತ್ರ ಇಡುವುದು. ಚಿತ್ರ ಒತ್ತಿದರೆ ಸಾಕು, ಭಾವನ ದನಿಯೇ ಮಾತಾಡುತ್ತದೆ. ಇದನ್ನು ಕೇಳಿದ ಕೂಡಲೇ ನಾನು ಎದ್ದು ನಿಂತೆ. ದನಿ ಎಂದರೇನು? ಫೈಲು! ಫೈಲು ಎಂದ ಮೇಲೆ ನಾನಿಲ್ಲವೆ?

ನಮ್ಮ ಮನೆಯ ಹಿಂದಿನ ಕೋಣೆ ರೆಕಾರ್ಡಿಂಗ್ ಸ್ಟುಡಿಯೋ ಆಯಿತು. ಕಿಟಕಿಗೆ ಕಂಬಳಿ ಕಟ್ಟಿದೆ, ಫ್ಯಾನು ಆರಿಸಿದೆ, ಗಡಿಯಾರದ ಬ್ಯಾಟರಿ ಕಿತ್ತೆ. ಹೆಂಡತಿಯ ಫೋನಿನಲ್ಲಿ ದನಿ ಚೆನ್ನಾಗಿ ಹಿಡಿಯುತ್ತದೆಂದು ಅದನ್ನು ದಿಂಬಿನ ಮೇಲೆ ಪ್ರತಿಷ್ಠಾಪಿಸಿದೆ.

"ಭಾವ, ಸಾವಧಾನವಾಗಿ ಹೇಳಿ. ನನಗೆ ಬಿಸಿನೀರು ಬೇಕು."

"ನಂಗೆ ಬಿಸ್ನೀರ್ ಬೇಕೂ!" ದಿಂಬಿನ ಮೇಲಿದ್ದ ಫೋನು ಅದುರಿತು.

"ಹರಾಜಲ್ಲ ಭಾವ!"

"ಈ ಮನೇಲಿ ಹರಾಜು ಕೂಗಿದ್ರೇನೇ ಬೇಗ ಬರೋದು ಬಿಸ್ನೀರು."

ನನ್ನ ಹೆಂಡತಿ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. ಅವಳು ನಕ್ಕದ್ದು ನೋಡಿ ಭಾವ ನಕ್ಕರು, ನಕ್ಕು ಕೆಮ್ಮಿದರು, ಕೆಮ್ಮಿ ಮತ್ತೆ ನಕ್ಕರು. ನಾನು ನಗಲಿಲ್ಲ. ದಾಖಲೆಯಲ್ಲಿ ಕೆಮ್ಮು ಇರಬಾರದು. "ಇದು ರದ್ದು. ಇನ್ನೊಂದು ಸಲ," ಎಂದೆ. ಹೀಗೆ ಅದೆಷ್ಟು ಮಾತನ್ನು ರದ್ದು ಮಾಡಿದೆನೋ! ಪಾಪ, ಮನುಷ್ಯ ಹೇಳಿದ್ದನ್ನೇ ಹೇಳಿ ಹೇಳಿ, ಕೊನೆಗೆ ರೈಲ್ವೆ ಸ್ಟೇಷನ್ನಿನ ಪ್ರಕಟಣೆಯಷ್ಟು ಶುದ್ಧವಾಗಿ ಮಾತಾಡತೊಡಗಿದರು. ನನಗೆ ಪರಮಾನಂದ.

ಕೊನೆಗೆ ಗುಬ್ಬಿಗೆ ಹೇಳುವ ಮಾತು ಬಂತು.

"ಗುಬ್ಬೀ, ನಾನು ಚೆನ್ನಾಗಿದೀನಿ ಕಂದ. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು. ಪಾಪು..."

ಅಲ್ಲಿಗೆ ಅವರ ದನಿ ಒಡೆಯಿತು. ನಾನು ಒಂದಿಷ್ಟು ಹೊತ್ತು ಕಾದು, "ಭಾವ, ದನಿ ಒಡೀತು. ಇನ್ನೊಂದು ಸಲ ಹೇಳಿಬಿಡಿ," ಎಂದೆ. ಹೆಂಡತಿ ನನ್ನನ್ನು ನೋಡಿದ ನೋಟಕ್ಕೆ ಹಸಿ ಕಟ್ಟಿಗೆಯೂ ಹೊತ್ತಿಕೊಳ್ಳುತ್ತಿತ್ತು. ಭಾವ ಮಾತ್ರ ಮುಖ ಒರೆಸಿಕೊಂಡು, ನೆಟ್ಟಗೆ ಕುಳಿತು, ಇನ್ನೊಂದು ಸಲ ಹೇಳಿದರು. ಒಂದಕ್ಷರವೂ ನಡುಗಲಿಲ್ಲ.

ಒಳ್ಳೆಯವನ್ನೆಲ್ಲ ನಾನು ಫೋನಿನಿಂದ ಕಂಪ್ಯೂಟರಿಗೆ ಸಾಗಿಸಿದೆ. ಸಾಗಿಸಿದೆ ಎಂದರೆ ಫೋನಿನಲ್ಲಿ ಅವು ಉಳಿಯಲಿಲ್ಲ. ಒಂದೇ ವಸ್ತು ಎರಡು ಕಡೆ ಇರುವುದು ನನಗಾಗದು. "ಇನ್ನು ಉಳಿದಿರೋ ಹಾಳುಮೂಳನ್ನೆಲ್ಲ ನೀನೇ ಅಳಿಸಿಬಿಡು," ಎಂದು ಹೆಂಡತಿಗೆ ಆಜ್ಞಾಪಿಸಿದೆ. "ಹೂಂ," ಎಂದಳು.

ಇನ್ನು ಬ್ಯಾಕಪ್ಪು. ಅದಕ್ಕೆ ಯಾವ ವಿಧಾನ? ನಾನು ವಾರಗಟ್ಟಲೆ ವಿಚಾರಮಂಥನ ನಡೆಸಿದೆ. ಪೆನ್ ಡ್ರೈವು? ಅಂಗಿಯ ಜೇಬಿನಲ್ಲಿ ಕೂತು ಬಟ್ಟೆಯ ಜೊತೆ ಒಗೆಸಿಕೊಳ್ಳುವ ಪ್ರಾಣಿ ಅದು. ಸಿಡಿ? ಗೀಚಿದರೆ ಮುಗಿಯಿತು. ಹೊರಗಿನಿಂದ ಜೋಡಿಸುವ ಹಾರ್ಡ್ ಡಿಸ್ಕು ಗಟ್ಟಿ, ಆದರೆ ಮನೆಗೆ ಬೆಂಕಿ ಬಿದ್ದರೆ? ಇಂಟರ್ನೆಟ್ಟಿನಲ್ಲಿ ಇಡೋಣವೆಂದರೆ, ಪಾಸ್‌ವರ್ಡ್ ಮರೆತರೆ?

"ಇಷ್ಟೆಲ್ಲ ಯಾಕ್ರೀ? ಅಣ್ಣನ ಮನೇಲಿ ಒಂದು ಕಾಪಿ, ನಮ್ಮನೇಲಿ ಒಂದು ಕಾಪಿ, ಗುಬ್ಬಿಗೆ ಒಂದು ಕಳಿಸಿ. ಮುಗೀತಲ್ಲ," ಎಂದಳು ಹೆಂಡತಿ.

"ಹಂಚೋದಕ್ಕೆ ಇದೇನು ಚಾಕ್ಲೇಟಾ? ಅದಕ್ಕೆಲ್ಲ ಒಂದು ಪದ್ಧತಿ ಅಂತ ಇರುತ್ತೆ ಕಣೇ."

ನನ್ನ ಪದ್ಧತಿ ಕೇಳಿ. ಒಂದು ಪ್ರತಿ ಕಂಪ್ಯೂಟರಿನಲ್ಲಿ, ಒಂದು ಹಾರ್ಡ್ ಡಿಸ್ಕಿನಲ್ಲಿ, ಒಂದು ಇಂಟರ್ನೆಟ್ಟಿನಲ್ಲಿ. ಮೂರನ್ನೂ ಒಂದಕ್ಕೊಂದು ಗಂಟು ಹಾಕುವ ಒಂದು ಪ್ರೋಗ್ರಾಮು. ಅದರ ಹೆಸರು ಸಿಂಕು. ಅದು ಕಂಪ್ಯೂಟರಿನಲ್ಲಿ ಏನು ಬದಲಾದರೂ ಉಳಿದೆರಡು ಕಡೆಯೂ ಕ್ಷಣಾರ್ಧದಲ್ಲಿ ಹಾಗೆಯೇ ಬದಲಾಯಿಸುತ್ತದೆ. ನನ್ನ ಬುದ್ಧಿಗೆ ನಾನೇ ತಲೆದೂಗಿದೆ.

"ನೋಡು, ಇಲ್ಲಿ ಆಗಿದ್ದೇ ಮೂರೂ ಕಡೆ ಆಗುತ್ತೆ!"

"ಇಲ್ಲಿ ಏನಾದ್ರೂ ಕೆಟ್ಟದ್ದಾದ್ರೆ?"

"ನಾನಿರೋವಾಗ ಕೆಟ್ಟದ್ದು ಯಾಕಾಗುತ್ತೆ?"

ಆಪರೇಷನ್ನಿನ ದಿನ ಬಂತು. ಭಾವನನ್ನು ಒಳಗೆ ಕರೆದುಕೊಂಡು ಹೋಗುವಾಗ ಅವರು ತಂಗಿಯ ಕೆನ್ನೆ ತಟ್ಟಿ "ಬರ್ತೀನಮ್ಮಾ" ಎಂದರು. ಅದೇ ಅವರ ಬಾಯಿಂದ ನಾವು ಕೇಳಿದ ಕಡೆಯ ಮಾತು. ಬಾಗಿಲು ಮುಚ್ಚಿಕೊಂಡಿತು. ಆಸ್ಪತ್ರೆಯ ಆ ಉದ್ದನೆಯ ಬೆಂಚಿನ ಮೇಲೆ ಕುಳಿತು ನನ್ನ ಹೆಂಡತಿ ನೆಲ ನೋಡುತ್ತಿದ್ದಳು. ನಾನು ಎದ್ದು ನಿಂತೆ, ಕುಳಿತೆ, ಮತ್ತೆ ನಿಂತೆ, ನೀರಿನ ಯಂತ್ರದ ಹತ್ತಿರ ಹೋಗಿ ಬಂದೆ, ಗೋಡೆಗೆ ಅಂಟಿಸಿದ್ದ ಸೂಚನೆಗಳನ್ನೆಲ್ಲ ಓದಿ ಮುಗಿಸಿದೆ.

"ನೀವು ಮನೆಗೆ ಹೋಗಿ ಅವನ ಬಟ್ಟೆ ತಗೊಂಡ್ ಬನ್ನಿ. ಇಲ್ಲಿ ಓಡಾಡಿ ನನ್ನ ತಲೆ ಸುತ್ತಿಸಬೇಡಿ," ಎಂದಳು.

ಮನೆಗೆ ಬಂದೆ. ಬಟ್ಟೆ ಚೀಲಕ್ಕೆ ತುಂಬಿದೆ. ಮನಸ್ಸು ನಿಲ್ಲಲಿಲ್ಲ. ಭಾವನ ದನಿ ಕ್ಷೇಮವಾಗಿದೆಯೇ ಎಂದು ಒಮ್ಮೆ ಕಣ್ಣಿಂದ ನೋಡಿ ಸಮಾಧಾನ ಪಡೋಣವೆಂದು ಕಂಪ್ಯೂಟರ್ ತೆರೆದೆ. ಕಂಪ್ಯೂಟರಿನಲ್ಲಿತ್ತು, ಡಿಸ್ಕಿನಲ್ಲಿತ್ತು, ಇಂಟರ್ನೆಟ್ಟಿನಲ್ಲಿಯೂ ಇತ್ತು. ಅದೇ ಹೆಸರು, ಅದೇ ಅಳತೆ, ಅದೇ ತಾರೀಖು. ನನ್ನ ಕೈ ಚಡಪಡಿಸಿತು.

ಸತ್ಯವಾಗಿ ಹೇಳುತ್ತೇನೆ, ಆ ಹೊತ್ತಿನಲ್ಲಿ ನನ್ನ ತಲೆ ಆಸ್ಪತ್ರೆಯಲ್ಲಿತ್ತು, ಕೈ ಮಾತ್ರ ಕಚೇರಿಯಲ್ಲಿತ್ತು. ಕಪಾಟಿನಲ್ಲಿ ಎರಡು ಪ್ರತಿ ಭದ್ರವಾಗಿರುವಾಗ ಮೇಜಿನ ಮೇಲೆ ಮೂರನೆಯದು ಯಾಕೆ ಎಂದಿತು ಕೈ. ಕಂಪ್ಯೂಟರಿನ ಪ್ರತಿಯನ್ನು ಅಳಿಸಿದೆ. "ಖಚಿತವೇ?" ಎಂದು ಕೇಳಿತು ಯಂತ್ರ. ಯಾರನ್ನು ಕೇಳುತ್ತಿದೆ ಇದು! ಖಚಿತ! ಅಳಿಸಿದ್ದು ಹೋಗಿ ಬೀಳುವ ಕಂಪ್ಯೂಟರಿನ ಬುಟ್ಟಿಯನ್ನೂ ಖಾಲಿ ಮಾಡಿದೆ. ಮನಸ್ಸು ಹಗುರಾಯಿತು, ಬಟ್ಟೆಯ ಚೀಲ ಹಿಡಿದು ಆಸ್ಪತ್ರೆಗೆ ಓಡಿದೆ. ನಾನು ಮೆಟ್ಟಿಲಿಳಿಯುತ್ತಿದ್ದಾಗ ಆ ವಿಧೇಯ ಸಿಂಕು, ನಾನು ಕಲಿಸಿದ ಹಾಗೆಯೇ, ಉಳಿದೆರಡು ಕಡೆಯೂ ಭಾವನ ದನಿಯನ್ನು ಅಳಿಸುತ್ತಿತ್ತು.

ಇಲ್ಲಿಗೆ ನಿಂತಿದ್ದರೆ ನಾನು ಬರೀ ಪೆದ್ದನಾಗಿ ಉಳಿಯುತ್ತಿದ್ದೆ. ಮಾರನೆಯ ದಿನ ಡಿಸ್ಕಿನಲ್ಲಿ ಬೇಕಾದಷ್ಟು ಜಾಗ ಇರುವುದು ಕಂಡು, ಅದೆಲ್ಲಿಂದ ಬಂತೆಂದು ಯೋಚಿಸದೆ, ಮನೆಯ ಹಳೆಯ ಫೋಟೋಗಳನ್ನೂ ವಿಡಿಯೋಗಳನ್ನೂ ಕಂಠಪೂರ್ತಿ ತುಂಬಿದೆ. ಇಂಟರ್ನೆಟ್ಟಿನಲ್ಲಿಯೂ ಒಂದು ಬುಟ್ಟಿ ಇರುತ್ತದಂತೆ. ಅದು ತುಂಬಿತ್ತು. ತುಂಬಿದ ಬುಟ್ಟಿ ಕಂಡರೆ ನನಗೆ ಮೈಯೆಲ್ಲ ಮುಳ್ಳು. ಒಳಗೇನಿದೆಯೆಂದೂ ನೋಡದೆ ಚೆಲ್ಲಿದೆ.

ಭಾವ ಚೇತರಿಸಿಕೊಂಡರು. ಗಡ್ಡೆ ಪೂರ್ತಿ ಹೋಗಿದೆ ಎಂದರು ಡಾಕ್ಟರು. ಮೇಡಂ ಟ್ಯಾಬ್ಲೆಟ್ ಕೊಟ್ಟು "ಇನ್ನು ಅವರ ಮಾತುಗಳನ್ನ ತುಂಬಿಕೊಂಡು ಬನ್ನಿ" ಎಂದರು. ನಾನು ಕಂಪ್ಯೂಟರಿನ ಮುಂದೆ ತೋಳು ಮಡಚಿ ಕುಳಿತೆ. ಹೆಂಡತಿ ಹಿಂದೆ ನಿಂತಳು.

"ಎಲ್ರೀ?"

"ಕಂಪ್ಯೂಟರಲ್ಲಿ ಇಲ್ಲ, ನಾನೇ ತೆಗೆದೆ. ಡಿಸ್ಕಲ್ಲಿದೆ ಇರು."

ಡಿಸ್ಕಿನಲ್ಲಿ ಫೋಟೋಗಳಿದ್ದವು.

"ಇಂಟರ್ನೆಟ್ಟಲ್ಲಿ ಇದ್ದೇ ಇರುತ್ತೆ ಇರು."

ಅಲ್ಲಿ ಏನೂ ಇರಲಿಲ್ಲ.

"ರೀ, ಎಲ್ರೀ ಅಣ್ಣನ ದನಿ?"

ಎಲ್ಲ ಕಡೆ ಹುಡುಕಿದೆ, ಹುಡುಕಿದ ಕಡೆಯೇ ಮತ್ತೆ ಹುಡುಕಿದೆ. ಕೊನೆಗೆ ಕಂಪ್ಯೂಟರನ್ನೂ ಡಿಸ್ಕನ್ನೂ ಎತ್ತಿಕೊಂಡು ರಿಪೇರಿ ಅಂಗಡಿಗೆ ಓಡಿದೆವು. ಅಂಗಡಿಯವನು ರೋಗಿಯನ್ನು ವಿಚಾರಿಸುವವನಂತೆ ಒಂದೊಂದಾಗಿ ಕೇಳಿದ.

"ಅಳಿಸಿದ್ರಾ?"

"ಹೂಂ."

"ಬುಟ್ಟೀನೂ ಖಾಲಿ ಮಾಡಿದ್ರಾ?"

"ಹೂಂ."

"ಅದರ ಮೇಲೆ ಫೋಟೋ ತುಂಬಿದ್ರಾ?"

"ಹೂಂ."

"ಆನ್‌ಲೈನ್ ಬುಟ್ಟಿ?"

"ಅದನ್ನೂ..."

ಅವನು ಎರಡು ದಿನ ಇಟ್ಟುಕೊಂಡು ತಡಕಾಡಿ, ಕೈ ಚೆಲ್ಲಿ ವಾಪಸು ಕೊಟ್ಟ. "ಸಾರ್, ಬೇಕೂಂತ ಅಳಿಸೋರೂ ಇಷ್ಟು ನೀಟಾಗಿ ಅಳಿಸಲ್ಲ," ಎಂದ. ನನ್ನ ವೃತ್ತಿಜೀವನದಲ್ಲಿ ನನಗೆ ಸಿಕ್ಕ ಅತ್ಯುನ್ನತ ಪ್ರಶಸ್ತಿ ಅದು.

ಮನೆಗೆ ಬರುವ ದಾರಿಯುದ್ದಕ್ಕೂ ಹೆಂಡತಿ ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಬಾಗಿಲ ಬೀಗ ತೆಗೆಯುವಾಗ ಇಷ್ಟೇ ಹೇಳಿದಳು: "ನಾನು ಹೇಳಲ್ಲ. ನೀವೇ ಹೋಗಿ ಅಣ್ಣಂಗೆ ಹೇಳಿ."

ಹೋದೆ. ಭಾವ ಆಸ್ಪತ್ರೆಯ ಹಾಸಿಗೆಯಲ್ಲಿ ಒರಗಿ ಕುಳಿತಿದ್ದರು. ಕತ್ತಿನ ಮೇಲೆ ಬಿಳಿ ಬಟ್ಟೆ, ತೊಡೆಯ ಮೇಲೆ ಸ್ಲೇಟು, ಕೈಯಲ್ಲಿ ಬಳಪ. ನನ್ನನ್ನು ಕಂಡು ಮುಖ ಅರಳಿಸಿ, ಟ್ಯಾಬ್ಲೆಟ್ ಎಲ್ಲಿ ಎಂದು ಕೈಸನ್ನೆ ಮಾಡಿದರು. ನಾನು ಸ್ಟೂಲು ಎಳೆದುಕೊಂಡು ಕುಳಿತೆ, ತಲೆ ತಗ್ಗಿಸಿ ಎಲ್ಲವನ್ನೂ ಹೇಳಿದೆ. ಮೂರು ಪ್ರತಿ ಮಾಡಿದ್ದು, ಮೂರೂ ಹೋದದ್ದು, ನಾನೇ ಅಳಿಸಿದ್ದು. ಅವರು ಎವೆಯಿಕ್ಕದೆ ಕೇಳಿಸಿಕೊಂಡರು. ಆಮೇಲೆ ಸ್ಲೇಟಿನ ಮೇಲೆ ನಿಧಾನವಾಗಿ ಬರೆದು ನನ್ನ ಕಡೆ ತಿರುಗಿಸಿದರು.

"ಒಂದು ಸಾರಿ. ಎರಡು ಸಾರಿ. ಮೂರು ಸಾರಿ. ಹೋಯ್ತು!"

ಅವರ ಭುಜ ಕುಲುಕಿತು. ನಗುತ್ತಿದ್ದರು. ಸದ್ದೇ ಇಲ್ಲದ ನಗು. ನಾನೂ ನಗಲು ನೋಡಿದೆ, ಆಗಲಿಲ್ಲ. ಅಷ್ಟರಲ್ಲಿ ಅವರು ಸ್ಲೇಟು ಒರೆಸಿ ಇನ್ನೊಂದು ಪದ ಬರೆದರು.

"ಗುಬ್ಬಿ?"

ಅವರ ಕಾಲ ಮೇಲಿನ ಹೊದಿಕೆಯನ್ನು ಸುಮ್ಮನೆ ಸರಿಮಾಡಿ ಎದ್ದು ಬಂದೆ.

ಆಸ್ಪತ್ರೆಯಿಂದ ಅವರನ್ನು ನಮ್ಮ ಮನೆಗೇ ಕರೆತಂದೆವು. ಸಂಜೆ ಗುಬ್ಬಿಯ ಫೋನ್ ಬರುತ್ತಿತ್ತು. "ಅಪ್ಪಾ, ಕೇಳಿಸ್ತಿದೆಯಾ?" ಎನ್ನುತ್ತಿದ್ದಳು. ಭಾವ ಫೋನಿನ ಬೆನ್ನಿಗೆ ಉಗುರಿನಿಂದ ಟಕ್ ಟಕ್ ಎಂದು ತಟ್ಟುತ್ತಿದ್ದರು. "ಊಟ ಆಯ್ತಾ ಅಪ್ಪಾ?" ಟಕ್ ಟಕ್. "ಟ್ಯಾಬ್ಲೆಟ್ ಯಾವಾಗ ಬರುತ್ತಂತೆ?" ಆಗ ಉಗುರು ಸುಮ್ಮನಾಗುತ್ತಿತ್ತು. ನನ್ನ ಹೆಂಡತಿ ಫೋನ್ ತೆಗೆದುಕೊಂಡು "ಇನ್ನೇನು ಬರುತ್ತಮ್ಮಾ" ಎಂದು ಸುಳ್ಳು ಹೇಳುತ್ತಿದ್ದಳು. ನಾನು ಬಾಲ್ಕನಿಗೆ ಹೋಗಿ ಒಣಗಿರದ ಬಟ್ಟೆಗಳನ್ನು ಮಡಚುತ್ತಿದ್ದೆ.

ಒಂದು ಬೆಳಿಗ್ಗೆ ಗಡ್ಡ ಬೋಳಿಸಿಕೊಳ್ಳುತ್ತಿದ್ದೆ. ಭಾವ ಹಿಂದಿನ ಕೋಣೆಯಲ್ಲಿ ಮಲಗಿದ್ದರು. ಅಡುಗೆಮನೆಯಿಂದ ಭಾವ ನಕ್ಕದ್ದು ಕೇಳಿಸಿತು!

ಗಟ್ಟಿಯಾಗಿ, ಗಂಟಲು ತುಂಬಿ, ನಡುವೆ ಕೆಮ್ಮುತ್ತ ನಗು. ನನ್ನ ಕೈಯಲ್ಲಿದ್ದ ರೇಜರು ಬಚ್ಚಲಿಗೆ ಬಿತ್ತು. ಮುಖದ ತುಂಬ ನೊರೆ ಹೊತ್ತು ಅಡುಗೆಮನೆಗೆ ನುಗ್ಗಿದೆ. ಹೆಂಡತಿ ತರಕಾರಿ ಹೆಚ್ಚುತ್ತಿದ್ದಳು. ಸಕ್ಕರೆ ಡಬ್ಬಿಗೆ ಒರಗಿಸಿಟ್ಟ ಫೋನಿನಲ್ಲಿ ಭಾವ ನಗುತ್ತಿದ್ದರು.

"ಇದೆಲ್ಲಿಂದ ಬಂತೇ?"

"ನೀವು ಅಳಿಸು ಅಂದ್ರಲ್ಲ, ಅವೇ."

"ಅಳಿಸಲಿಲ್ವಾ?"

"ಅಣ್ಣ ನಗ್ತಿರೋದನ್ನ ಯಾರಾದ್ರೂ ಅಳಿಸ್ತಾರೇನ್ರೀ?"

"ಎಲ್ಲಾನೂ ಇದೆಯಾ?"

"ನೀವು ರದ್ದು ಅಂದಿದ್ದೆಲ್ಲಾ ಇದೆ. ದಿನಾ ಬೆಳಿಗ್ಗೆ ಕೇಳ್ತೀನಿ. ಅವನಿಗೆ ಕೇಳಿಸಿದ್ರೆ ಬೇಜಾರಾಗುತ್ತೇಂತ ಸೌಂಡ್ ಕಮ್ಮಿ ಇಡ್ತಿದ್ದೆ, ಇವತ್ತು ಕೈ ತಗುಲಿ ಜೋರಾಯ್ತು."

"ಅಯ್ಯೋ ಪುಣ್ಯಾತ್ಗಿತ್ತೀ! ಇಷ್ಟು ದಿನ ಯಾಕೆ ಹೇಳಲಿಲ್ಲ?"

"ಹಾಳಾಗಿರೋವು, ಕೆಲಸಕ್ಕೆ ಬರಲ್ಲ ಅಂತ ನೀವೇ ತೀರ್ಪು ಕೊಟ್ಟಿದ್ರಿ. ಟ್ಯಾಬ್ಲೆಟ್ಟಿಗೆ ಒಳ್ಳೇವೇ ಬೇಕೇನೋ ಅಂದ್ಕೊಂಡೆ. ನನಗೆ ಕೇಳೋಕೆ ಇವೇ ಸಾಕಾಗಿತ್ತು."

ಅವಳು ಫೋನಿನ ಮೇಲೆ ಬೆರಳಾಡಿಸಿ ಇನ್ನೊಂದನ್ನು ಹಾಕಿದಳು. "ಗುಬ್ಬೀ, ನಾನು ಚೆನ್ನಾಗಿದೀನಿ ಕಂದ..." ಒಡೆದ ದನಿ. ನಾನು ರದ್ದು ಮಾಡಿದ್ದ ದನಿ. ನಾನು ಅಡುಗೆಮನೆಯ ನೆಲದ ಮೇಲೆ ಕುಸಿದು ಕುಳಿತು ಬಿಕ್ಕಿ ಬಿಕ್ಕಿ ಅತ್ತೆ. ನೊರೆಯೂ ಕಣ್ಣೀರೂ ಸೇರಿ ಗದ್ದದಿಂದ ತೊಟ್ಟಿಕ್ಕಿದವು. ಹೆಂಡತಿ ಕೈಯೊರೆಸುವ ಬಟ್ಟೆ ಎಸೆದು, "ಸೋಪು ಕಣ್ಣಿಗೆ ಹೋಗುತ್ತೆ, ಒರೆಸ್ಕೊಳ್ಳಿ," ಎಂದಳು. ಅವಳೂ ಅಳುತ್ತಿದ್ದಳು.

ಆಮೇಲಿನದನ್ನೆಲ್ಲ ಅವಳೇ ನೋಡಿಕೊಂಡಳು. ನನ್ನನ್ನು ಹತ್ತಿರ ಸೇರಿಸಲಿಲ್ಲ. ಮೇಡಂ ಜೊತೆ ಕುಳಿತು ಒಂದೊಂದೇ ಮಾತು ಆರಿಸಿ, ಒಂದೊಂದಕ್ಕೂ ಚಿತ್ರ ಹೊಂದಿಸಿ ಟ್ಯಾಬ್ಲೆಟ್ಟಿಗೆ ತುಂಬಿದಳು. ಕೆಮ್ಮು ಇದ್ದದ್ದು, ತಡವರಿಸಿದ್ದು, ಹಿಂದೆ ಯಾರೋ ನಕ್ಕದ್ದು ಯಾವುದನ್ನೂ ಬಿಡಲಿಲ್ಲವಂತೆ.

ಆ ಸಂಜೆ ಗುಬ್ಬಿಯ ಫೋನ್ ಬಂತು. ಭಾವ ಹಕ್ಕಿಯ ಚಿತ್ರ ಒತ್ತಿದರು. "ಗುಬ್ಬೀ, ನಾನು ಚೆನ್ನಾಗಿದೀನಿ ಕಂದ. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು. ಪಾಪು..." ಆ ಕಡೆಯಿಂದ "ಅಪ್ಪಾ!" ಎಂದಳು. "ಅಪ್ಪಾ, ನೀನೇ! ಇನ್ನೊಂದು ಸಲ ಹೇಳಪ್ಪಾ!" ಭಾವ ಇನ್ನೊಂದು ಸಲ ಒತ್ತಿದರು, ಮತ್ತೊಂದು ಸಲ ಒತ್ತಿದರು. ಅವಳಿಗೆ ಸಾಕೆನಿಸಲೇ ಇಲ್ಲ. ಹೆಂಡತಿ ನನ್ನ ಪಕ್ಕದಲ್ಲಿ ನಿಂತು ನನ್ನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಅಪರಾಧಿಯನ್ನು ಹಿಡಿದುಕೊಂಡಂತೆಯೂ ಇತ್ತು, ಆಸರೆಗೆ ಹಿಡಿದುಕೊಂಡಂತೆಯೂ ಇತ್ತು.

ಫೋನ್ ಇಟ್ಟ ಮೇಲೆ ನನ್ನ ಎದೆ ಉಕ್ಕಿ ಬಂತು. ಇನ್ನೊಮ್ಮೆ ಈ ದನಿ ಕಳೆಯಬಾರದು!

"ಇದಕ್ಕೆ ಬ್ಯಾಕಪ್ ಆಗಿದೆಯೇನೇ?" ಎಂದೆ.

"ಆಗಿದೆ. ಗುಬ್ಬಿ ಹತ್ರ ಒಂದು, ಮೇಡಂ ಹತ್ರ ಒಂದು, ನನ್ನ ಹತ್ರ ಒಂದು. ಒಂದರ ಸುದ್ದಿ ಇನ್ನೊಂದಕ್ಕೆ ಗೊತ್ತೇ ಇಲ್ಲ."

"ಎಲ್ಲಾ ಸರಿಯಾಗಿ ಬಂದಿವೆಯೋ ಇಲ್ವೋ ನಾನೊಂದು ಸಲ ನೋಡಿಬಿಡ್ತೀನಿ," ಎಂದು ಟ್ಯಾಬ್ಲೆಟ್ಟಿಗೆ ಕೈ ಚಾಚಿದೆ.

ಭಾವ ಟ್ಯಾಬ್ಲೆಟ್ಟನ್ನು ಎದೆಗೆ ಒತ್ತಿಕೊಂಡರು. ಗಡಿಬಿಡಿಯಿಲ್ಲದೆ ಚಿತ್ರಗಳ ಮೇಲೆ ಬೆರಳಾಡಿಸಿ ಒಂದನ್ನು ಹುಡುಕಿ ಒತ್ತಿದರು. ರೆಕಾರ್ಡಿಂಗಿನ ಯಾವ ಗಳಿಗೆಯಲ್ಲಿ ಬೇಸತ್ತು ಅಂದಿದ್ದರೋ, ಸಗಟು ಮಾರುಕಟ್ಟೆಯ ಆ ತುಂಬು ದನಿ ಮನೆಯ ಗೋಡೆಗಳನ್ನೆಲ್ಲ ನಡುಗಿಸಿತು:

"ದಮ್ಮಯ್ಯಾ ಭಾವಾ, ನೀವೊಬ್ರು ಏನೂ ಮುಟ್ಟಬೇಡಿ!"

ಬಗ್ಗಿ ನೋಡಿದೆ. ಆ ಮಾತಿಗೆ ಮೇಡಂ ಇಟ್ಟಿದ್ದ ಚಿತ್ರ ನನ್ನ ಫೋಟೋ.